ನಿಸ್ತಂತು ಕೀಲಿಮಣೆ: ಕಾರ್ಯವಿಧಾನ ಮತ್ತು ರಹಸ್ಯಪಾಲನೆ

ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಸ್ಥಾಪಿಸಿದರು. ‘ಆಕಾಶವಾಣಿ’ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಯಿತು. ಅದರ ನುಡಿ ಸರ್ವರಿಗೂ ಕೇಳಿಸಬೇಕೆಂಬುದೇ ಉದ್ದೇಶವಾಗಿತ್ತು. ಇಂದಿನ ಗಣಕಯಂತ್ರದ ನಿಸ್ತಂತು ಕೀಲಿಮಣೆ ಹಾಗೂ ಮೌಸ್‌ಗಳು ಬಳಸುವುದೂ ರೇಡಿಯೋ ಅಲೆಗಳನ್ನೇ. ಆದರೆ ಇವುಗಳ ಸಂದೇಶವು ಒಂದೇ ಯಂತ್ರಕ್ಕೆ ತಲುಪಬೇಕು, ಅನ್ಯರಿಗೆ ತಿಳಿಯಬಾರದು. ಈ ಭೇದವನ್ನು ಅರಿತರೆ ಇವುಗಳ ಮರ್ಮವನ್ನು ಅರಿತಂತೆ.

ಕೀಲಿಗಳ ಅಡಿಯಲ್ಲಿ ವಿದ್ಯುದ್ವಾಹಕ ಗೆರೆಗಳು ಅಡ್ಡಲಾಗಿಯೂ ಉದ್ದಲಾಗಿಯೂ ಹಾದುಹೋಗಿರುತ್ತವೆ. ಕೀಲಿಯನ್ನೊತ್ತಿದಾಗ ಎರಡು ಗೆರೆಗಳು ಕೂಡುತ್ತವೆ. ಒಳಗಿನ ಚಿಪ್ ಆ ಸ್ಥಾನವನ್ನು ಗುರುತಿಸಿ, ಅದಕ್ಕೆ ಗೊತ್ತುಪಡಿಸಿದ ಸಂಖ್ಯೆಯನ್ನು ಕಳುಹಿಸುತ್ತದೆ. ಹೋಗುವುದು ಅಕ್ಷರವಲ್ಲ, ಸಂಖ್ಯೆ ಮಾತ್ರ. ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ ‘ಕ’ಕಾರದ ಕೀಲಿಯನ್ನೂ ‘ಇ’ಕಾರದ ಕೀಲಿಯನ್ನೂ ಒತ್ತಿದರೆ ‘ಕಿ’ ಮೂಡುವುದು ಗಣಕದ ತಂತ್ರಾಂಶದ ಕಾರ್ಯ. ಆದುದರಿಂದಲೇ ಕನ್ನಡಕ್ಕೆ ಪ್ರತ್ಯೇಕ ಕೀಲಿಮಣೆ ಅನಿವಾರ್ಯವಲ್ಲ. ಮೌಸ್ ಆದರೋ ಮೇಜಿನ ಮೇಲೆ ಬೆಳಕು ಚೆಲ್ಲಿ, ಸೆಕೆಂಡಿಗೆ ಸಾವಿರಾರು ಚಿತ್ರಗಳನ್ನು ತೆಗೆದು, ಅವುಗಳನ್ನು ಹೋಲಿಸಿ ತನ್ನ ಚಲನೆಯನ್ನು ಲೆಕ್ಕಹಾಕುತ್ತದೆ.

ಈ ಸಂದೇಶಗಳನ್ನು ಹೊರುವ ಅಲೆಗಳು ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು ೨೪೦ ಕೋಟಿ ಬಾರಿ ಕಂಪಿಸುತ್ತವೆ. ವೈಫೈ ಮೊದಲಾದವುಗಳೂ ಇದೇ ಪಟ್ಟಿಯಲ್ಲಿ ಸಂಚರಿಸುವುದರಿಂದ ಅಲ್ಲಿ ಸಂತೆಯ ಗದ್ದಲವೇ ಸರಿ. ಅದನ್ನು ತಪ್ಪಿಸಲು ಬ್ಲೂಟೂತ್‌ನ ಮೂಲ ಪದ್ಧತಿಯು ಆ ಪಟ್ಟಿಯನ್ನು ೭೯ ದಾರಿಗಳಾಗಿ ವಿಂಗಡಿಸಿ, ಸೆಕೆಂಡಿಗೆ ೧೬೦೦ ಬಾರಿ ದಾರಿಯನ್ನು ಬದಲಿಸುತ್ತದೆ. ಬದಲಾವಣೆಯ ಕ್ರಮವನ್ನು ಜೊತೆಗೂಡಿದ ಎರಡು ಯಂತ್ರಗಳೂ ತಪ್ಪದೆ ಅನುಸರಿಸುತ್ತವೆ. ಇಂತಹದೇ ಉಪಾಯವೊಂದಕ್ಕೆ ನಟಿ ಹೆಡಿ ಲಾಮಾರ್ ಹಾಗೂ ಸಂಗೀತಗಾರ ಜಾರ್ಜ್ ಆಂಥೈಲ್ ೧೯೪೨ರಲ್ಲಿಯೇ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದರು.

ದಾರಿ ಬದಲಿಸಿದ ಮಾತ್ರಕ್ಕೆ ಗುಟ್ಟು ಉಳಿಯದು. ಸಂದೇಶವನ್ನು ಗೂಢಲಿಪಿಯಾಗಿ ಮಾರ್ಪಡಿಸಿಯೇ ಕಳುಹಿಸಬೇಕು. ಕೆಲವು ನಿಸ್ತಂತು ಸಾಧನಗಳ ಗ್ರಾಹಕಗಳು ಗೂಢಲಿಪಿಯಿಲ್ಲದ ಸಂದೇಶವನ್ನೂ ಸ್ವೀಕರಿಸುವುದರಿಂದ, ದೂರದಲ್ಲಿರುವ ಅಪರಿಚಿತನೂ ಗಣಕಕ್ಕೆ ಅಕ್ಷರಗಳನ್ನು ತುಂಬಬಹುದೆಂದು ಸಂಶೋಧಕರು ೨೦೧೬ರಲ್ಲಿ ತೋರಿಸಿಕೊಟ್ಟರು.

ಶಿಂಷಾ ತೀರದ ವೈದ್ಯನಾಥಪುರವಿರಲಿ, ಮಹಾನಗರವಿರಲಿ, ವಿದ್ಯಾರ್ಥಿಗಳ ದಾಖಲೆ ಹಾಗೂ ಅಂಕಗಳು ಇಂದು ಗಣಕವನ್ನೇ ಸೇರುತ್ತವೆ. ಆದುದರಿಂದ ಶಾಲೆಗೆ ಇಂತಹ ಸಾಧನಗಳನ್ನು ಕೊಳ್ಳುವವರೂ ದಾನವಾಗಿ ನೀಡುವವರೂ ಬೆಲೆಯನ್ನಷ್ಟೇ ನೋಡದೆ ಗೂಢಲಿಪಿಯ ರಕ್ಷಣೆಯುಂಟೇ ಎಂದು ವಿಚಾರಿಸಬೇಕು. ಗುಪ್ತಪದವನ್ನೂ ಅಂಕಗಳನ್ನೂ ದಾಖಲಿಸುವ ಗಣಕಕ್ಕೆ ತಂತಿಯುಳ್ಳ ಕೀಲಿಮಣೆಯೇ ಲೇಸು.