ಒಂದೇ ಕಡೆ ಊರುವ ಕಾಲು

ಬೇಸ್‌ಬಾಲ್ ಆಟದಲ್ಲಿ ಚೆಂಡೆಸೆಯುವ ಆಟಗಾರನನ್ನು ಪಿಚರ್ ಎನ್ನುತ್ತಾರೆ. ಮೈದಾನದ ನಡುವಿನ ಸಣ್ಣ ಮಣ್ಣುದಿಬ್ಬದ ಮೇಲೆ ನಿಂತು 60 ಅಡಿ 6 ಅಂಗುಲ ದೂರದ ಗುರಿಯತ್ತ ಎಸೆಯುವ ಈತ, ದಾಂಡಿಗನ ಮೊಣಕಾಲಿನಿಂದ ಎದೆಯ ನಡುಮಟ್ಟದವರೆಗೆ ಕಲ್ಪಿಸಿಕೊಂಡ ಚೌಕವೊಂದರೊಳಗೆ ಚೆಂಡು ಹಾಯುವಂತೆ ನೋಡಿಕೊಳ್ಳಬೇಕು. ದಾಂಡಿಗ ಬೀಸದೆ ಬಿಟ್ಟ ನಾಲ್ಕು ಎಸೆತಗಳು ಆ ಚೌಕ ತಪ್ಪಿದರೆ ಅವನಿಗೆ ಮೊದಲ ಬೇಸು ಪುಕ್ಕಟೆಯಾಗಿ ದಕ್ಕುತ್ತದೆ. ಅಮೆರಿಕದ ಗ್ರೆಗ್ ಮ್ಯಾಡಕ್ಸ್ ತನ್ನ ಕಾಲದ ಅತಿ ವೇಗದ ಎಸೆತಗಾರನಾಗಿರಲಿಲ್ಲ. ಆದರೂ 1988ರಿಂದ 2004ರವರೆಗೆ ಸತತ 17 ಋತುಗಳಲ್ಲಿ ಪ್ರತಿ ಋತುವಿಗೂ ಕನಿಷ್ಠ 15 ಪಂದ್ಯಗಳ ಗೆಲುವು ಆತನ ಹೆಸರಿನಲ್ಲಿ ದಾಖಲಾಯಿತು. ಇಂಥ ಸ್ಥಿರತೆ ಹೇಗೆ ಬರುತ್ತದೆ, ಮತ್ತು ಅದು ಯಾವಾಗ ತಂಡದ ಗೆಲುವಾಗುತ್ತದೆ ಎಂಬ ಪ್ರಶ್ನೆಗೆ ಭಾರತದಲ್ಲಿ ಉತ್ತರ ಹುಡುಕಬೇಕಾದದ್ದು ಕ್ರಿಕೆಟ್ ಬೌಲರ್‌ಗಳ ನಡುವೆಯೇ.

ಪುಣೆಯಿಂದ ಸೊಲ್ಲಾಪುರದ ದಾರಿಯಲ್ಲಿ, ಭೀಮಾ ನದಿಯ ದಡದಲ್ಲಿರುವ ದೌಂಡ ರೈಲ್ವೆ ಜಂಕ್ಷನ್ನಿನ ಊರು. ಮನಮಾಡದ ಕಡೆಗೆ ಹೋಗುವ ಹಳಿ ಇಲ್ಲಿಂದಲೇ ಕವಲೊಡೆಯುತ್ತದೆ. ಇಲ್ಲಿನ ಬಯಲಿನಲ್ಲಿ ಎಳೆಯ ಬೌಲರ್‌ಗಳ ಅಭ್ಯಾಸವನ್ನು ಹತ್ತಿರದಿಂದ ಗಮನಿಸಿದ ಪ್ರಸ್ತುತ ಲೇಖಕನಿಗೆ ದಕ್ಕಿದ ಮೊದಲ ತಿಳಿವಳಿಕೆ ಚೆಂಡಿಗಿಂತ ಕಾಲಿಗೆ ಸಂಬಂಧಿಸಿದ್ದು. ಚೆಂಡು ಕೈಬಿಡುವ ಕ್ಷಣದಲ್ಲಿ ನೆಲಕ್ಕೆ ಬಡಿಯುವ ಮುಂಗಾಲಿನ ಗುರುತುಗಳನ್ನು ಅಭ್ಯಾಸ ಮುಗಿದ ಮೇಲೆ ಬಗ್ಗಿ ನೋಡಿದರೆ, ಒಬ್ಬ ಹುಡುಗನ ಗುರುತುಗಳು ಕ್ರೀಸಿನುದ್ದಕ್ಕೂ ಅಲ್ಲೊಂದು ಇಲ್ಲೊಂದು ಚದುರಿರುತ್ತವೆ, ಇನ್ನೊಬ್ಬನವು ಒಂದರ ಮೇಲೊಂದು ಬಿದ್ದು ಅಂಗೈಯಗಲದ ಒಂದೇ ಕುಳಿಯಾಗಿರುತ್ತವೆ. ಕುಳಿ ಒಂದೇ ಆಗಿದ್ದವನ ಚೆಂಡು ಸಾಮಾನ್ಯವಾಗಿ ಒಂದೇ ಜಾಗಕ್ಕೆ ಬೀಳುತ್ತದೆ, ಏಕೆಂದರೆ ಕಾಲು ಒಂದು ಗೇಣು ಆಚೀಚೆ ಊರಿದರೂ ಸೊಂಟ ತಿರುಗುವ ಕೋನ, ಭುಜದ ಎತ್ತರ, ಚೆಂಡು ಬೆರಳು ಬಿಡುವ ಬಿಂದು ಇವೆಲ್ಲವೂ ಬದಲಾಗುತ್ತವೆ. ಪಿಚರ್‌ಗಳ ತರಬೇತಿಯಲ್ಲೂ ಮಣ್ಣುದಿಬ್ಬದ ಮೇಲಿನ ಕಾಲಗುರುತಿಗೆ ಇದೇ ಕಾರಣಕ್ಕಾಗಿ ಬೆಲೆಯಿದೆ. ಚೆಂಡು ಬಿದ್ದ ಜಾಗಕ್ಕಾಗಿ ಹುಡುಗನನ್ನು ಗದರುವುದರಿಂದ ಅವನ ಕೈ ಇನ್ನಷ್ಟು ಬಿಗಿಯಾಗುತ್ತದೆಯೇ ಹೊರತು ಫಲವಿಲ್ಲ. ಓಟದ ಆರಂಭದ ಗುರುತು ಮತ್ತು ಕಾಲೂರುವ ಗುರುತು ಇವೆರಡನ್ನು ಸರಿಪಡಿಸಿದರೆ ಉಳಿದದ್ದು ಬಹುಮಟ್ಟಿಗೆ ತಾನಾಗಿಯೇ ಸರಿಹೋಗುತ್ತದೆ.

ಆದರೆ ದೇಹದ ಈ ಶಿಸ್ತು ಕಥೆಯ ಅರ್ಧ ಮಾತ್ರ. ಉಳಿದರ್ಧವನ್ನು ತಿಳಿಯಲು ಬಾಳೂ ಪಾಲವಣಕರ ಅವರ ಬದುಕಿಗಿಂತ ಉತ್ತಮ ಪಾಠ ಇನ್ನೊಂದಿರಲಾರದು. 1870ರ ದಶಕದ ನಡುಭಾಗದಲ್ಲಿ ಧಾರವಾಡದಲ್ಲಿ ಹುಟ್ಟಿದ ಬಾಳೂ, ಅಸ್ಪೃಶ್ಯತೆಯ ಕಟ್ಟಳೆಗೆ ಸಿಲುಕಿದ್ದ ಚರ್ಮಕಾರ ಸಮುದಾಯದವರು. ತಂದೆ ಸೇನೆಯಲ್ಲಿದ್ದುದರಿಂದ ಪುಣೆಗೆ ಬಂದರು. ಮೊದಲು ಪಾರಸಿಗಳ ಮೈದಾನದಲ್ಲಿ, ಬಳಿಕ ಯುರೋಪಿಯನ್ನರ ಕ್ಲಬ್ಬಿನಲ್ಲಿ ಪಿಚ್ ಉರುಳಿಸುವ, ಗೆರೆ ಹಾಕುವ, ನೆಟ್ ಕಟ್ಟುವ ಕೆಲಸ ಅವರದಾಗಿತ್ತು. ತಿಂಗಳ ಸಂಬಳ ಮೂರು ನಾಲ್ಕು ರೂಪಾಯಿ. ಕ್ಲಬ್ಬಿನ ಸದಸ್ಯರಿಗೆ, ಅದರಲ್ಲೂ ಆಗಿನ ಶ್ರೇಷ್ಠ ದಾಂಡಿಗರಲ್ಲಿ ಒಬ್ಬನಾದ ಜೆ.ಜಿ. ಗ್ರೆಗ್‌ನಿಗೆ, ನೆಟ್ಸಿನಲ್ಲಿ ಗಂಟೆಗಟ್ಟಲೆ ಚೆಂಡೆಸೆದು ಅವರ ಎಡಗೈ ಸ್ಪಿನ್ ಪಳಗಿತು. ಔಟ್ ಮಾಡಿದಾಗಲೆಲ್ಲ ಗ್ರೆಗ್ ಎಂಟಾಣೆ ಕೊಡುತ್ತಿದ್ದನೆಂಬ ಮಾತಿದೆ. ಅಷ್ಟು ವರ್ಷಗಳ ಆ ದುಡಿಮೆಯಲ್ಲಿ ಬ್ಯಾಟನ್ನು ಮಾತ್ರ ಅವರ ಕೈಗೆ ಯಾರೂ ಕೊಡಲಿಲ್ಲ.

ಮುಂದೆ ಪುಣೆಯ ಹಿಂದೂ ತಂಡ, ಸಾಕಷ್ಟು ಜಗ್ಗಾಟದ ನಂತರ, ಅವರನ್ನು ಸೇರಿಸಿಕೊಂಡಿತು. ಮೈದಾನದಲ್ಲಿ ಅವರು ಎಸೆದ ಚೆಂಡನ್ನೇ ಮುಟ್ಟುತ್ತಿದ್ದ ಜೊತೆಗಾರರು, ಚಹಾ ವಿರಾಮದಲ್ಲಿ ಅವರಿಗೆ ಪೆವಿಲಿಯನ್ನಿನ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡಿಸುತ್ತಿದ್ದರು. ಸ್ಥಿರವಾಗಿ ಒಂದೇ ಜಾಗಕ್ಕೆ ಎಸೆಯುವ ಬೌಲರ್ ಇದ್ದಾಗ ನಾಯಕನು ಸ್ಲಿಪ್, ಶಾರ್ಟ್ ಲೆಗ್ ಮುಂತಾದ ದಾಂಡಿಗನ ಹತ್ತಿರದ ತಾಣಗಳಲ್ಲಿ ಧೈರ್ಯವಾಗಿ ಕ್ಷೇತ್ರರಕ್ಷಕರನ್ನು ನಿಲ್ಲಿಸಬಹುದು, ಚೆಂಡು ಎತ್ತ ಬರುತ್ತದೆಂದು ಅವರಿಗೂ ಅಂದಾಜಿರುತ್ತದೆ, ಹೀಗೆ ಒಬ್ಬನ ನಿಯಂತ್ರಣದ ಮೇಲೆ ಹತ್ತು ಮಂದಿಯ ನಿಲುವು ಆಧರಿಸಿರುತ್ತದೆ. ಅಂಥ ಒಬ್ಬನನ್ನೇ ಹೊರಗೆ ಕೂರಿಸಿದ ತಂಡ ಆಟದ ನೆಲೆಯಲ್ಲಿ ತನಗೇ ಕೇಡು ಮಾಡಿಕೊಂಡಿತು, ಮನುಷ್ಯತ್ವದ ನೆಲೆಯಲ್ಲಂತೂ ಅದಕ್ಕೆ ಯಾವ ಸಮರ್ಥನೆಯೂ ಇಲ್ಲ.

1906ರ ಫೆಬ್ರವರಿಯಲ್ಲಿ ಮುಂಬೈಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದಾಗ ಬಾಳೂ ಎರಡು ಇನ್ನಿಂಗ್ಸುಗಳಿಂದ 8 ವಿಕೆಟ್ ಪಡೆದಿದ್ದರು. ತಮ್ಮ ಶಿವರಾಮ ಕೂಡ ಅದೇ ತಂಡದಲ್ಲಿದ್ದರು. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡ ಆಡಿದ 23 ಪಂದ್ಯಗಳಲ್ಲಿ 15ನ್ನು ಸೋತಿತು, ಆದರೆ ಆ ಸೋಲುಗಳ ನಡುವೆಯೇ ಬಾಳೂ ಒಬ್ಬರೇ 114 ವಿಕೆಟ್ ಉರುಳಿಸಿದರು. ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಬೇಕು: ಬೌಲರ್ ಎಷ್ಟೇ ಸ್ಥಿರವಾಗಿದ್ದರೂ ಉಳಿದವರ ಆಸರೆಯಿಲ್ಲದೆ ಆತನ ದುಡಿಮೆ ಬರಿಯ ದಾಖಲೆಯಾಗಿ ಉಳಿಯುತ್ತದೆ. ಹಿಂದೂ ತಂಡ ಬಾಳೂ ಅವರನ್ನು ಎಂದೂ ನಾಯಕರನ್ನಾಗಿ ಮಾಡಲಿಲ್ಲ. 1923ರಲ್ಲಿ ಆ ಸ್ಥಾನ ಅವರ ತಮ್ಮ ವಿಠ್ಠಲರಿಗೆ ಸಿಕ್ಕಿತು, ಆ ವರ್ಷ ನಾಲ್ಕು ಸಮುದಾಯಗಳ ತಂಡಗಳು ಆಡುತ್ತಿದ್ದ ಚತುಷ್ಕೋನ ಪಂದ್ಯಾವಳಿಯನ್ನು ಹಿಂದೂ ತಂಡವೇ ಗೆದ್ದಿತು.

ಬೌಲರನ ಕೈಗೆ ತಂಡವನ್ನೇ ಒಪ್ಪಿಸಿದರೆ ಏನಾಗುತ್ತದೆ ಎಂಬುದಕ್ಕೆ ಹತ್ತಿರದ ಕಾಲದ ನಿದರ್ಶನ ದಾವಣಗೆರೆಯ ಆರ್. ವಿನಯ್ ಕುಮಾರ್. ಅವರ ನಾಯಕತ್ವದಲ್ಲಿ ಕರ್ನಾಟಕ 2013-14ರ ರಣಜಿ ಫೈನಲ್‌ನಲ್ಲಿ ಮಹಾರಾಷ್ಟ್ರವನ್ನು ಹೈದರಾಬಾದಿನಲ್ಲಿ 7 ವಿಕೆಟುಗಳಿಂದ ಸೋಲಿಸಿ, ಮರುವರ್ಷವೂ ಪ್ರಶಸ್ತಿ ಉಳಿಸಿಕೊಂಡಿತು. 2015ರ ಸೆಮಿಫೈನಲ್‌ನಲ್ಲಿ ಮುಂಬೈ 44 ರನ್ನಿಗೆ ಕುಸಿದಾಗ ವಿನಯ್ 20 ರನ್ನಿಗೆ 6 ವಿಕೆಟ್ ಪಡೆದಿದ್ದರು. ಫೈನಲ್‌ನಲ್ಲಿ 5 ವಿಕೆಟ್ ಪಡೆದದ್ದಲ್ಲದೆ ಬ್ಯಾಟ್ ಹಿಡಿದು ಅಜೇಯ ಶತಕವನ್ನೂ ಹೊಡೆದರು. ಅತಿವೇಗವಿಲ್ಲದ ಈ ಬೌಲರನ ಬಂಡವಾಳ ಲೈನ್ ಮತ್ತು ಲೆಂಗ್ತ್, ಅಂದರೆ ಚೆಂಡಿನ ದಿಕ್ಕು ಮತ್ತು ಅದು ನೆಲಕ್ಕೆ ತಾಗುವ ದೂರ, ಇವೆರಡರ ಮೇಲಿನ ಹಿಡಿತವಾಗಿತ್ತು.

ದೌಂಡದಂಥ ಊರುಗಳಲ್ಲಿ ಮಕ್ಕಳಿಗೆ ಆಟ ಕಲಿಸುವವರು ಸಾಮಾನ್ಯವಾಗಿ ಚೆನ್ನಾಗಿ ಎಸೆಯುವ ಹುಡುಗನನ್ನು ದಿನವಿಡೀ ನೆಟ್ಸಿನಲ್ಲಿ ಇತರರಿಗಾಗಿ ದುಡಿಸುತ್ತಾರೆ. ಶುಲ್ಕ ಕೊಟ್ಟ ಮನೆಯ ಹುಡುಗ ಬ್ಯಾಟ್ ಮಾಡುತ್ತಾನೆ, ಬಡವರ ಮನೆಯವನು ಕತ್ತಲಾಗುವವರೆಗೆ ಎಸೆಯುತ್ತಾನೆ. ಇದನ್ನು ಬದಲಿಸಲು ಹಣ ಬೇಕಿಲ್ಲ. ಎಳೆಯ ತೋಳಿಗೆ ದಿನದ ಎಸೆತಗಳ ಮಿತಿ ಹಾಕಿ, ಪ್ರತಿ ಬೌಲರ್‌ಗೂ ಅದೇ ದಿನ ಪ್ಯಾಡ್ ಕಟ್ಟಿಸಿ ಬ್ಯಾಟ್ ಕೊಡಿ. ಕ್ಷೇತ್ರರಕ್ಷಣೆಯ ಯೋಜನೆ ಮಾಡುವಾಗ ಮೊದಲು ಅವನ ಅಭಿಪ್ರಾಯ ಕೇಳಿ.