ಮೊದಲ ಡೋಸ್‌ಗೆ ಮುಂಚೆ ಮೂತ್ರ ಪರೀಕ್ಷೆ

ನೆಗಡಿಯಿಲ್ಲ, ಕೆಮ್ಮಿಲ್ಲ, ಭೇದಿಯಿಲ್ಲ. ಆದರೂ ಮಗುವಿಗೆ ಮೈಸುಡುವ ಜ್ವರ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಇದು ಮೂತ್ರದ ಸೋಂಕಿರಬಹುದು. ಹಲ್ಲು ಬರ್ತಿದೆ, ದೃಷ್ಟಿಯಾಗಿದೆ ಅಂತ ದಿನ ದೂಡಬೇಡಿ.

1. ಉರಿಮೂತ್ರಕ್ಕೆ ಕಾಯಬೇಡಿ. ಹಸುಗೂಸು ಅದನ್ನು ಹೇಳಲಾರದು. ಹಾಲು ಬಿಡುತ್ತದೆ, ವಾಂತಿ ಮಾಡುತ್ತದೆ, ರಚ್ಚೆ ಹಿಡಿಯುತ್ತದೆ.

2. ಆ್ಯಂಟಿಬಯಾಟಿಕ್ ಶುರುಮಾಡುವ ಮುಂಚೆಯೇ, ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್‌ಗೆ ಮೂತ್ರ ತೆಗೆಯಿರಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಸೂತ್ರ ಇದೇ. ಒಂದೆರಡು ಡೋಸ್ ಒಳಗೆ ಹೋದರೆ ಸೋಂಕಿದ್ದರೂ ಕಲ್ಚರ್‌ನಲ್ಲಿ ಏನೂ ಬೆಳೆಯದೇ ಹೋಗಬಹುದು. ಯಾವ ಔಷಧ ನಾಟುತ್ತದೆ ಎಂಬ ಸುಳಿವೂ ಕೈತಪ್ಪುತ್ತದೆ.

3. ಅಂಟಿಸುವ ಚೀಲದ ಸ್ಯಾಂಪಲ್ ಕಲ್ಚರ್‌ಗೆ ಬೇಡ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದರಲ್ಲಿ ಸೇರಿ, ಇಲ್ಲದ ಸೋಂಕನ್ನು ತೋರಿಸಬಹುದು. ಮಗುವಿಗೆ ಹಾಲು ಕುಡಿಸಿ, ತೊಳೆದು ಒರೆಸಿ, ಸ್ಟೆರೈಲ್ ಬಾಟಲಿ ಹಿಡಿದು ಕಾಯಿರಿ. ತಣ್ಣೀರಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಹೊಕ್ಕುಳ ಕೆಳಗೆ ಮೆಲ್ಲಗೆ ಉಜ್ಜುತ್ತಿದ್ದರೆ ಎಷ್ಟೋ ಕೂಸುಗಳು ಐದು ನಿಮಿಷದೊಳಗೆ ಮೂತ್ರ ಮಾಡುತ್ತವೆ. ಮೊದಲ ಹನಿಗಳನ್ನು ಬಿಟ್ಟು ನಡುವಿನದನ್ನು ಹಿಡಿಯಿರಿ. ಮಗು ತೀರಾ ಸುಸ್ತಾಗಿದ್ದರೆ ಕಾಯುತ್ತ ಕೂರುವಂತಿಲ್ಲ. ವೈದ್ಯರು ಕ್ಯಾಥೆಟರ್ (ತೆಳು ನಳಿಕೆ) ಹಾಕಿ ಸ್ಯಾಂಪಲ್ ತೆಗೆದು ಕೂಡಲೇ ಚಿಕಿತ್ಸೆ ಶುರುಮಾಡುತ್ತಾರೆ. ಹೆದರಬೇಡಿ, ಒಪ್ಪಿಕೊಳ್ಳಿ. ಸ್ಯಾಂಪಲ್ ಲ್ಯಾಬ್‌ಗೆ ತಲುಪುವುದು ತಡವಾಗುವಂತಿದ್ದರೆ ಫ್ರಿಜ್‌ನಲ್ಲಿಡಿ.

4. ಮೂತ್ರ ಪರೀಕ್ಷೆಯಲ್ಲಿ ನೈಟ್ರೈಟ್ ನೆಗೆಟಿವ್ ಬಂತೆಂದು ನಿರಾಳವಾಗಬೇಡಿ. ಬ್ಯಾಕ್ಟೀರಿಯಾದಿಂದ ನೈಟ್ರೈಟ್ ಉಂಟಾಗಲು ಮೂತ್ರ ಕೆಲವು ಗಂಟೆ ಮೂತ್ರಚೀಲದಲ್ಲಿ ನಿಂತಿರಬೇಕು. ಕೂಸುಗಳೋ ಗಳಿಗೆಗೊಮ್ಮೆ ಒದ್ದೆ ಮಾಡುತ್ತವೆ.

5. ಕೋರ್ಸ್ ಪೂರ್ತಿ ಮುಗಿಸಿ. ಜ್ವರವಿದ್ದ ಸೋಂಕಿಗೆ ಸಾಮಾನ್ಯವಾಗಿ 7ರಿಂದ 10 ದಿನ. 48 ಗಂಟೆಯಾದರೂ ಜ್ವರ ಇಳಿಯದಿದ್ದರೆ ಮತ್ತೆ ವೈದ್ಯರ ಬಳಿ ಓಡಿ. ಎರಡು ತಿಂಗಳೊಳಗಿನ ಶಿಶುವಿಗೆ ಆಸ್ಪತ್ರೆಯೇ ಸರಿ.

6. ಸ್ಕ್ಯಾನಿಂಗ್ ಹೇಳಿದರೆ ತಪ್ಪಿಸಬೇಡಿ. ಕೆಲವು ಮಕ್ಕಳಲ್ಲಿ ಮೂತ್ರ ಕಿಡ್ನಿಯ ಕಡೆಗೆ ಹಿಮ್ಮುಖವಾಗಿ ಹರಿಯುತ್ತದೆ. ಪದೇ ಪದೇ ಸೋಂಕಾದರೆ ಕಿಡ್ನಿಯಲ್ಲಿ ಕಲೆ ಉಳಿದು, ಮುಂದೆ ಬಿಪಿಗೂ ದಾರಿಯಾದೀತು.

7. ಮಲಬದ್ಧತೆ ಬಿಡಿಸಿ. ತುಂಬಿದ ಕರುಳು ಮೂತ್ರಚೀಲವನ್ನು ಪೂರ್ತಿ ಖಾಲಿಯಾಗಲು ಬಿಡುವುದಿಲ್ಲ. ಉಳಿದುಕೊಂಡ ಮೂತ್ರ ಸೋಂಕಿಗೆ ದಾರಿ. ಇನ್ನು ದೊಡ್ಡ ಮಕ್ಕಳಿಗೆ ಶಾಲೆಯ ಶೌಚಾಲಯ: ಗಲೀಜು ಎಂದೋ ಚಿಲಕವಿಲ್ಲ ಎಂದೋ ಹೆಣ್ಣುಮಕ್ಕಳು ನೀರೇ ಕುಡಿಯದೆ ಸಂಜೆವರೆಗೂ ತಡೆದುಕೊಳ್ಳುತ್ತಾರೆ. ಮಗಳನ್ನು ಕೇಳಿ ನೋಡಿ. ಹೌದು ಎಂದರೆ, ಮುಂದಿನ ಪೋಷಕರ ಸಭೆಯಲ್ಲಿ ಅಂಕಪಟ್ಟಿಗಿಂತ ಮೊದಲು ಆ ಚಿಲಕದ ಮಾತೆತ್ತಿ.