ಬೆಳೆಸುವ ಔಷಧಿ, ಬಾಳಿಸುವ ಔಷಧಿ

ಮುಪ್ಪನ್ನು ಮುಂದೂಡುತ್ತವೆಂದು ಹೇಳಲಾಗುವ ಔಷಧಿಗಳಲ್ಲಿ ಎರಡು ಬಗೆಗಳುಂಟು. ಒಂದು, ಬೆಳವಣಿಗೆಯ ಹಾರ್ಮೋನಿನ ಸ್ರಾವವನ್ನು ಹೆಚ್ಚಿಸುವಂಥದು. ಇನ್ನೊಂದು, ಆಯುಸ್ಸನ್ನು ವೃದ್ಧಿಸಬಹುದೆಂದು ನಿರೀಕ್ಷಿಸಲಾಗಿರುವಂಥದು. ಇವೆರಡರ ಫಲ ಒಂದೇ ಎಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಅವು ಶರೀರಕ್ಕೆ ಪರಸ್ಪರ ವಿರುದ್ಧವಾದ ಸಂದೇಶಗಳನ್ನು ಕೊಡುತ್ತವೆ.

ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಬೆಳವಣಿಗೆಯ ಹಾರ್ಮೋನನ್ನು ಸ್ರವಿಸುತ್ತದೆ. ಅದರ ಪ್ರೇರಣೆಯಿಂದ ಯಕೃತ್ತು ಐಜಿಎಫ್-1 ಎಂಬ ವಸ್ತುವನ್ನು ತಯಾರಿಸುತ್ತದೆ. ಜೀವಕೋಶಗಳಿಗೆ ಅದು ನೀಡುವ ಸಂದೇಶ ‘ಬೆಳೆಯಿರಿ’ ಎಂಬುದು. ವಯಸ್ಸಾದಂತೆ ಈ ಸ್ರಾವವು ಕ್ಷೀಣಿಸುತ್ತದೆ. ಅದನ್ನು ಹೆಚ್ಚಿಸಲು ರೂಪಿಸಿದ ಔಷಧಿಗಳಲ್ಲಿ ಇಬುಟಮೊರೆನ್ ಒಂದು. 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 65 ಮಂದಿ ಆರೋಗ್ಯವಂತ ಹಿರಿಯರು ಪಾಲ್ಗೊಂಡಿದ್ದರು. ಈ ಔಷಧಿಯನ್ನು ಸೇವಿಸಿದವರ ಕೊಬ್ಬುರಹಿತ ದೇಹತೂಕವೇನೋ ಹೆಚ್ಚಿತು. ಬಲ ಮಾತ್ರ ಹೆಚ್ಚಲಿಲ್ಲ. ರಕ್ತದ ಸಕ್ಕರೆ ಏರಿತು. ಸೊಂಟದ ಮೂಳೆ ಮುರಿದ ವೃದ್ಧರಲ್ಲಿ ನಡೆದ ಮತ್ತೊಂದು ಪರೀಕ್ಷೆಯನ್ನು ಹೃದಯ ವೈಫಲ್ಯದ ಆತಂಕದಿಂದ ಅವಧಿಗೆ ಮುನ್ನವೇ ನಿಲ್ಲಿಸಲಾಯಿತು.

ಎರಡನೆಯ ಬಗೆಗೆ ರಪಾಮೈಸಿನ್ ನಿದರ್ಶನ. ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಜೀವಿಯಿಂದ ಇದನ್ನು ಬೇರ್ಪಡಿಸಿದವರಲ್ಲಿ ಅವಿಭಜಿತ ಭಾರತದಲ್ಲಿ ಜನಿಸಿದ ವಿಜ್ಞಾನಿ ಸುರೇಂದ್ರನಾಥ ಸೆಹಗಲ್ ಪ್ರಮುಖರು. ಕಸಿ ಮಾಡಿದ ಮೂತ್ರಪಿಂಡವನ್ನು ದೇಹವು ತಿರಸ್ಕರಿಸದಿರಲೆಂದು 1999ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ದೊರೆಯಿತು. ಜೀವಕೋಶದ ಬೆಳವಣಿಗೆಯನ್ನು ನಿಯಂತ್ರಿಸುವ ಎಂಟಾರ್ ಎಂಬ ಪ್ರೋಟೀನನ್ನು ಇದು ತಡೆಯುತ್ತದೆ. ಆಗ ಜೀವಕೋಶವು ತನ್ನ ಸವೆದ ಭಾಗಗಳನ್ನು ಕರಗಿಸಿ ಮರುಬಳಕೆ ಮಾಡಿಕೊಳ್ಳುತ್ತದೆ. 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 600 ದಿನ ವಯಸ್ಸಿನ ಇಲಿಗಳಿಗೆ ಇದನ್ನು ಆಹಾರದೊಡನೆ ಕೊಡತೊಡಗಿದರೂ ಅವುಗಳ ಆಯುಸ್ಸು ಹೆಚ್ಚಿತು. ಬೆಳವಣಿಗೆಯ ಹಾರ್ಮೋನಿನ ಸಂದೇಶವನ್ನು ಗ್ರಹಿಸಲಾರದ ಇಲಿಗಳೂ ಸಾಧಾರಣ ಇಲಿಗಳಿಗಿಂತ ದೀರ್ಘಕಾಲ ಬದುಕುತ್ತವೆ ಎಂಬುದು ಇಲ್ಲಿ ಗಮನಾರ್ಹ.

ಆದರೆ ಇಲಿಯಲ್ಲಿ ಕಂಡ ಫಲವು ಮನುಷ್ಯನಲ್ಲಿ ಸಿದ್ಧವಾಗಿಲ್ಲ. ರಪಾಮೈಸಿನ್ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಬಲ್ಲದು. ಬಾಯಿಹುಣ್ಣು, ರಕ್ತದಲ್ಲಿ ಕೊಬ್ಬಿನ ಏರಿಕೆ, ಗಾಯ ಮಾಯುವುದರಲ್ಲಿ ವಿಳಂಬ ಇದರ ಅಡ್ಡಪರಿಣಾಮಗಳು. ಆದ್ದರಿಂದ ಇವೆರಡನ್ನೂ ಒಟ್ಟಿಗೆ ಸೇವಿಸಿ ಇಮ್ಮಡಿ ಲಾಭ ಬಯಸುವುದು ಗಾಡಿಯ ಎರಡೂ ಕಡೆಗೆ ಎತ್ತುಗಳನ್ನು ಕಟ್ಟಿ ಹೊಡೆದಂತೆ. ಮಧುಮೇಹಿಗಳು ಹಾಗೂ ಹೃದ್ರೋಗಿಗಳಂತೂ ವಿಶೇಷ ಎಚ್ಚರ ವಹಿಸಬೇಕು.

ವೃದ್ಧಾಪ್ಯದಲ್ಲಿ ಬೇಕಾದುದು ಮೈತೂಕವಲ್ಲ. ಕುಳಿತಲ್ಲಿಂದ ಆಸರೆಯಿಲ್ಲದೆ ಏಳುವ ಬಲ. ಸ್ನಾಯುಗಳಿಗೆ ಶ್ರಮ ಕೊಡುವ ನಿತ್ಯ ವ್ಯಾಯಾಮ, ಬೇಳೆಕಾಳು ಹಾಗೂ ಹಾಲು-ಮೊಸರುಗಳುಳ್ಳ ಆಹಾರದಿಂದ ಅದು ಲಭಿಸುತ್ತದೆ. ಇರುಳಿನ ಗಾಢನಿದ್ರೆಯಲ್ಲಿ ಬೆಳವಣಿಗೆಯ ಹಾರ್ಮೋನು ತಾನಾಗಿಯೇ ಸ್ರವಿಸುತ್ತದೆ. ಔಷಧಿಯ ವಿಚಾರವನ್ನು ವೈದ್ಯರಿಗೆ ಬಿಟ್ಟು, ಈ ಮೂರನ್ನು ನಾವು ಇಂದೇ ಆರಂಭಿಸಬಹುದು.